ಪ್ರಿಸಮ್ಮಿನ ಮೇಲೆ ಲೇಪವೋ, ಪೊರೆಯೋ?

ಪೈಪಿನಲ್ಲಿ ಹರಿಯುವ ದ್ರವ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ರಿಫ್ರ್ಯಾಕ್ಟೋಮೀಟರಿನ ರಿಪೇರಿ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಕ್ರೀಭವನ, ಪೂರ್ಣ ಆಂತರಿಕ ಪ್ರತಿಫಲನದಂಥ ಪದಗಳೆಲ್ಲ ಶಾಲೆಯ ಪಾಠದಲ್ಲೇ ಸಿಕ್ಕವು. ಪಟ್ಟಕವೂ ಸಿಕ್ಕಿತು, ಆದರೆ ಕೆಲಸದ ಜಾಗದಲ್ಲಿ ಯಾರೂ ಹಾಗನ್ನುವುದಿಲ್ಲ. ಪ್ರಿಸಮ್ಮೇ ಇರಲಿ ಅಂದುಕೊಂಡೆ.

ಉಪಕರಣದ ಕೆಲಸ ಇಷ್ಟು. ದ್ರವಕ್ಕೆ ತಾಗಿದ ಪ್ರಿಸಮ್ಮಿಗೆ ಒಳಗಡೆಯಿಂದ ಎಲ್‌ಇಡಿ ಬೆಳಕು ಬೀಳುತ್ತದೆ. ಕ್ರಾಂತಿ ಕೋನವನ್ನು (ಬೆಳಕು ದ್ರವದೊಳಗೆ ದಾಟಬಲ್ಲ ಓರೆಯ ಮಿತಿಯನ್ನು) ಮೀರಿ ಓರೆಯಾಗಿ ಬಿದ್ದ ಕಿರಣ ಪೂರ್ತಿ ವಾಪಸ್ ಬಂದು ಸಿಸಿಡಿಯನ್ನು, ಅಂದರೆ ಬೆಳಕನ್ನು ಗ್ರಹಿಸುವ ಚಿಪ್ಪನ್ನು, ಮುಟ್ಟುತ್ತದೆ. ಉಳಿದ ಕಿರಣಗಳ ಹೆಚ್ಚಿನ ಪಾಲು ದ್ರವದೊಳಗೆ ಹೋಗಿಬಿಡುತ್ತದೆ. ಹಾಗಾಗಿ ಸಿಸಿಡಿಯ ಒಂದು ಕಡೆ ಬೆಳಕು, ಇನ್ನೊಂದು ಕಡೆ ಕತ್ತಲು. ನಡುವಿನ ಗಡಿ ಎಲ್ಲಿದೆ ಅನ್ನುವುದೇ ಅಳತೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.333, 50 ಬ್ರಿಕ್ಸ್ ಸಕ್ಕರೆ ದ್ರಾವಣದ್ದು, ಅಂದರೆ ತೂಕದಲ್ಲಿ ಅರ್ಧ ಸಕ್ಕರೆ ಇರುವುದರದ್ದು, 1.420. ದ್ರವ ಗಟ್ಟಿಯಾದ ಹಾಗೆ ಸೂಚ್ಯಂಕ ಏರಿ, ಕ್ರಾಂತಿ ಕೋನ ಬದಲಾಗಿ, ಗಡಿ ಸರಿಯುತ್ತಾ ಹೋಗುತ್ತದೆ.

ಈ ಗಡಿಗೆ ‘ನೆರಳಂಚು’ ಎಂದಿಟ್ಟಿದ್ದೇನೆ. ಅಲ್ಲಿ ಯಾವ ವಸ್ತುವಿನ ನೆರಳೂ ಇಲ್ಲ ನಿಜ, ಆದರೂ ಓದಿದ ಕೂಡಲೇ ಅರ್ಥವಾಗುತ್ತದೆ. ಯಾರದೂ ತಕರಾರಿಲ್ಲದಿದ್ದರೆ ಅದನ್ನೇ ಬಿಡುತ್ತೇನೆ.

ತೊಡಕಿರುವುದು ಪ್ರಿಸಮ್ಮಿನ ಮೇಲೆ ಕೂರುವ ಹೊಲಸಿಗೆ. ನಿಘಂಟು ‘ಲೇಪ’ ಎನ್ನುತ್ತದೆ. ಲೇಪ ಅಂದರೆ ಯಾರೋ ಬೇಕೆಂದೇ ಹಚ್ಚಿದ್ದು, ಅಲ್ವಾ? ‘ಪ್ರಿಸಮ್ಮಿನ ಮೇಲೆ ಲೇಪವಿದೆ’ ಎಂಬ ಎಚ್ಚರಿಕೆ ಓದಿದ ಆಪರೇಟರ್ ಇರಲಿ ಬಿಡು ಅಂದುಕೊಂಡಾನು. ‘ಜಿಡ್ಡು’ ಎಂದರೆ ಬರೀ ಎಣ್ಣೆ ಅನ್ನಿಸುತ್ತದೆ, ‘ಕಿಟ್ಟ’ ಲೋಹದ ಕಡೆ ಎಳೆಯುತ್ತದೆ. ‘ಪೊರೆ ಕಟ್ಟಿದೆ’ ಎಂದರೆ ಕಣ್ಣಿನ ಪೊರೆ ನೆನಪಾಗಿ ಮಾತು ನೇರವಾಗಿ ತಲುಪುತ್ತದೆ. ನನಗೆ ಅದೇ ಇಷ್ಟ.

ಅಳುಕು ಒಂದೇ. ಪೊರೆ ಅಂದರೆ ಮಂಜು ಮಂಜು ಎಂಬ ಭಾವ ಜೊತೆಗೇ ಬರುತ್ತದೆ. ತೆಳುವಾಗಿ, ಅಲ್ಲೊಂದು ಇಲ್ಲೊಂದು ಕಡೆ ಕಟ್ಟಿದಾಗ ಅದು ಸರಿಯೇ: ಸಿಸಿಡಿಯ ಬೆಳಕನ್ನು ತೋರಿಸುವ ಪರದೆಯ ಮೇಲಿನ ಗೆರೆ ನೆರಳಂಚಿನಲ್ಲಿ ಒಂದೇ ಸಲ ಕಡಿದಾಗಿ ಇಳಿಯುವ ಬದಲು ಮೊಂಡಾಗುತ್ತದೆ, ಕೆಲವು ಸಲ ಎರಡು ಮೆಟ್ಟಿಲಾಗಿ ಇಳಿಯುತ್ತದೆ. ಆದರೆ ದಪ್ಪಗೆ ಒಂದೇ ಸಮ ಕಟ್ಟಿದರೆ ಅಂಚು ಚೂಪಾಗಿಯೇ ಇರಬಹುದು. ಪೈಪಿನಲ್ಲಿ ದ್ರವ ಬದಲಾದರೂ ಅದು ಸರಿಯುವುದಿಲ್ಲ, ಅಷ್ಟೇ. ಆಗ ಅಳತೆ ಸಿಗುತ್ತಿರುವುದು ದ್ರವದ್ದಲ್ಲ, ಮೆತ್ತಿಕೊಂಡಿದ್ದರದ್ದು. (ಅಂಚೇ ಇಲ್ಲದೆ ಉದ್ದಕ್ಕೂ ಬೆಳಕೇ ಇದ್ದರೆ ಮೊದಲು ಪೈಪು ಖಾಲಿಯಾಗಿದೆಯಾ ನೋಡಬೇಕು. ಅದು ಬೇರೆ ಮಾತು.)

ದಪ್ಪಗೆ ಕಟ್ಟಿದ ಈ ಎರಡನೆಯ ಬಗೆಗೆ ‘ಹಕ್ಕಳೆ’ ಎನ್ನಬಹುದೇ? ನಿಮ್ಮ ಕಡೆ ಹಕ್ಕಳೆ ಅಂದರೆ ಗಟ್ಟಿಯಾಗಿ ಅಂಟಿಕೊಂಡದ್ದೋ, ಸುಲಿದು ಬರುವಂಥದ್ದೋ?