ಕಣ್ಣಿನ ಗೂಡಿನ ತಳ ಮುರಿದಿದೆ, ಹತ್ತು ದಿನ ಕಾಯಬಹುದಾ?

ಪ್ರಶ್ನೆ: ಆಫ್‌ಸ್ಪಿನ್ನರ್

ರೋಗಿಗೆ 32 ವರ್ಷ. ಲೆದರ್ ಬಾಲ್ ಎಡಗಣ್ಣಿಗೆ ಬಡಿದು ಇವತ್ತಿಗೆ ಮೂರನೇ ದಿನ. ಗೂಡಿನ ತಳದ ಮೂಳೆ ಮುರಿದಿದೆ, ಸ್ವಲ್ಪ ಕೊಬ್ಬು ಕೆಳಗಿನ ಸೈನಸ್‌ಗೆ (ಕೆನ್ನೆಮೂಳೆಯೊಳಗಿನ ಗಾಳಿ ತುಂಬಿದ ಟೊಳ್ಳಿಗೆ) ಇಳಿದಿದೆ, ಕಣ್ಣು ತಿರುಗಿಸುವ ಸ್ನಾಯು ಸಿಕ್ಕಿಕೊಂಡಿಲ್ಲ ಅಂತ ಸಿ.ಟಿ. ರಿಪೋರ್ಟ್. ದೃಷ್ಟಿ ಸರಿಯಿದೆ. ಮೇಲೆ ನೋಡಿದರೆ ಎರಡೆರಡು ಕಾಣುತ್ತೆ, ಕೆನ್ನೆ ಮತ್ತು ಮೇಲ್ದುಟಿ ಜೋಮು. ಡಾಕ್ಟರು ಊತ ಇಳಿಯಲಿ, ಹತ್ತು ದಿನ ಬಿಟ್ಟು ಬನ್ನಿ ಅಂದಿದ್ದಾರೆ. ಮುರಿದ ಮೂಳೆಯನ್ನ ಹಾಗೇ ಬಿಡೋದು ಸರಿನಾ?

ಉತ್ತರ 1: ನೇತ್ರಶಸ್ತ್ರ

ನೀವು ಬರೆದಿರುವಷ್ಟೇ ಇದ್ದರೆ ಸರಿ. ಗೂಡಿನ ತಳ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಮೂಳೆ. ಅದನ್ನ ಕೈಕಾಲಿನ ಮೂಳೆಯ ಹಾಗೆ ಕೂಡಿಸಬೇಕಿಲ್ಲ. ಕಣ್ಣುಗುಡ್ಡೆ ಕುಸಿಯದೆ ನಿಂತರೆ, ಸ್ನಾಯು ಸಲೀಸಾಗಿ ಓಡಾಡಿದರೆ ಸಾಕು. ಕೆನ್ನೆಗೆ ಹೋಗುವ ನರ ಆ ತಳದಲ್ಲೇ ಹಾಯುತ್ತೆ, ಜೋಮು ಅದರದು. ನಿಧಾನಕ್ಕೆ ಕಡಿಮೆಯಾಗುತ್ತೆ, ತಿಂಗಳುಗಟ್ಟಲೆ ಹಿಡಿಯಬಹುದು.

ಊತದಿಂದಲೂ ಎರಡೆರಡು ಕಾಣುತ್ತೆ, ಸ್ನಾಯು ಸಿಕ್ಕಿಕೊಂಡರೂ ಕಾಣುತ್ತೆ. ಊತದ್ದಾದರೆ ದಿನದಿಂದ ದಿನಕ್ಕೆ ಇಳಿಯಬೇಕು. ಇನ್ನೊಂದು, ಊತ ಇರುವಾಗ ಗುಡ್ಡೆ ಒಳಕ್ಕೆ ಕುಸಿದಿರೋದು ಗೊತ್ತೇ ಆಗಲ್ಲ. ಅದಕ್ಕೇ ಊತ ಇಳಿದ ಮೇಲೆ, ಗುಡ್ಡೆ ಎಷ್ಟು ಮುಂದಿದೆ ಅಂತ ತೋರಿಸುವ ಹರ್ಟೆಲ್ ಮಾಪಕದಲ್ಲಿ ಅಳೀತಾರೆ. ಎರಡು ಕಣ್ಣಿನ ನಡುವೆ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ, ತಳದ ಅರ್ಧಕ್ಕಿಂತ ಹೆಚ್ಚು ಮುರಿತ, ಇಲ್ಲಾ ನೇರ ನೋಡಿದಾಗಲೂ ಕೆಳಗೆ ನೋಡಿದಾಗಲೂ ಹೋಗದ ಜೋಡಿ ದೃಷ್ಟಿ: ಇವು ಆಪರೇಷನ್‌ಗೆ ಕಾರಣ. ತೀರಾ ಮೇಲೆ ನೋಡಿದಾಗ ಮಾತ್ರ ಎರಡು ಕಂಡರೆ ಬಹುಪಾಲು ಜನ ಹೊಂದಿಕೊಳ್ತಾರೆ. ಓದೋಕೆ, ಮೆಟ್ಟಿಲಿಳಿಯೋಕೆ ಬೇಕಾದ್ದು ಕೆಳನೋಟ.

ಆದರೆ ಹತ್ತು ದಿನ ಅಂದಿದ್ದು ಒಂದು ತಿಂಗಳಾಗಬಾರದು. ಎರಡು ವಾರ ದಾಟಿದರೆ ಒಳಗೆ ಗಾಯದ ಕಲೆ ಅಂಟಿಕೊಂಡು, ಅಂಗಾಂಶ ಬಿಡಿಸೋದು ಕಷ್ಟ.

ಉತ್ತರ 2: ಮಕ್ಕಳಕಣ್ಣು

ಮೇಲಿನದು ದೊಡ್ಡವರ ಲೆಕ್ಕ. ಇದನ್ನೇ ಓದಿಕೊಂಡು ಮಗುವನ್ನ ಮನೇಲಿ ಇಟ್ಟುಕೊಳ್ಳಬೇಡಿ. ಮಕ್ಕಳ ಮೂಳೆ ಬಾಗುತ್ತೆ. ಬಿರುಕು ಬಿಟ್ಟು, ಕ್ಷಣ ತೆರೆದು, ಇಲಿಬೋನಿನ ಬಾಗಿಲಿನ ಹಾಗೆ ವಾಪಸ್ ಮುಚ್ಚಿಕೊಂಡು ಸ್ನಾಯುವನ್ನ ಕಚ್ಚಿಬಿಡುತ್ತೆ. ಹೊರಗಿನಿಂದ ಕಣ್ಣು ಬೆಳ್ಳಗೆ, ಸುತ್ತ ಕಪ್ಪುಗಟ್ಟಿಲ್ಲ, ಊತವಿಲ್ಲ. ಮಗು ಮಾತ್ರ ಮೇಲೆ ನೋಡೋಕೆ ಹೋದರೆ ನೋವಿಂದ ಕಣ್ಣು ಮುಚ್ಚಿಕೊಳ್ಳುತ್ತೆ, ವಾಂತಿ ಮಾಡುತ್ತೆ, ನಾಡಿ ನಿಧಾನ ಆಗುತ್ತೆ. ಎಳೆದ ಸ್ನಾಯುವಿನಿಂದ ಹೃದಯ, ಹೊಟ್ಟೆಗೆ ಹೋಗುವ ವೇಗಸ್ ನರ ಕೆರಳೋದು ಇದಕ್ಕೆ ಕಾರಣ. ವಾಂತಿ ನೋಡಿ ತಲೆಪೆಟ್ಟು ಅಂದುಕೊಂಡು ಮೆದುಳಿನ ಸ್ಕ್ಯಾನ್ ಮಾತ್ರ ಮಾಡಿಸಿ ಕಳಿಸೋದುಂಟು. ರಕ್ತ ಓಡದೆ ಸ್ನಾಯು ಸಾಯುತ್ತೆ, ಆದ್ದರಿಂದ 24–48 ಗಂಟೆಯೊಳಗೆ ಬಿಡಿಸಬೇಕು.

ಉತ್ತರ 3: ಡ್ಯೂಟಿಕ್ಯಾಜುವಲ್ಟಿ

ಮನೆಯಲ್ಲಿ: ಮೂಗು ಸೀಟಬೇಡಿ. ಸೈನಸ್ಸಿನ ಗಾಳಿ ಬಿರುಕಿನಿಂದ ಗೂಡಿಗೆ ನುಗ್ಗಿ ರೆಪ್ಪೆ ಒಮ್ಮೆಲೇ ಉಬ್ಬುತ್ತೆ, ಮುಟ್ಟಿದರೆ ಚರಪರ ಅನ್ನುತ್ತೆ. ಸೀನು ಬಂದರೆ ಬಾಯಿ ತೆರೆದು ಸೀನಿ, ಮೂಗು ಹಿಡಿಯಬೇಡಿ. ಮೊದಲ ಎರಡು ದಿನ ಬಟ್ಟೆ ಸುತ್ತಿದ ಐಸ್ ಆಗಾಗ ಹದಿನೈದು–ಇಪ್ಪತ್ತು ನಿಮಿಷ, ಗುಡ್ಡೆ ಒತ್ತದ ಹಾಗೆ. ತಲೆ ಎತ್ತರಿಸಿ ಮಲಗಲಿ. ನೋವಿಗೆ ಪ್ಯಾರಸಿಟಮಾಲ್ ತಗೊಳ್ಳಲಿ. ಆಸ್ಪಿರಿನ್, ಐಬುಪ್ರೊಫೆನ್ ತಾವಾಗೇ ನುಂಗಬಾರದು, ರಕ್ತಸ್ರಾವ ಹೆಚ್ಚಬಹುದು. ಹೃದಯಕ್ಕೆ ಆಸ್ಪಿರಿನ್ ತಗೊಳ್ತಿದ್ದರೆ ಕೇಳದೆ ನಿಲ್ಲಿಸಲೂ ಬಾರದು. ಎರಡೆರಡು ಕಾಣುವವರೆಗೆ ಬೈಕ್ ಬೇಡ. ವಿಮಾನ ಹತ್ತುವ ಮುಂಚೆ ಡಾಕ್ಟರನ್ನ ಕೇಳಿ.

ನೋವು ಏರುತ್ತಾ, ಗುಡ್ಡೆ ಕಲ್ಲಿನಂತಾಗಿ ಮುಂದಕ್ಕೆ ಬಂದು, ದೃಷ್ಟಿ ಮಬ್ಬಾದರೆ ಹಿಂದೆ ರಕ್ತ ತುಂಬುತ್ತಿದೆ ಅಂತ ತಿಳೀರಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಿ. ಅಲ್ಲಿ ಸ್ಕ್ಯಾನ್‌ಗೆ ಕಾಯದೆ ಕಣ್ಣಿನ ಹೊರಮೂಲೆ ಕತ್ತರಿಸಿ ಒತ್ತಡ ಇಳಿಸ್ತಾರೆ.

ಆಫ್‌ಸ್ಪಿನ್ನರ್

ಆಪರೇಷನ್ ಆದರೆ ಮುಖದ ಮೇಲೆ ಗಾಯದ ಗುರುತು ಇರುತ್ತಾ?

ನೇತ್ರಶಸ್ತ್ರ

ಬಹಳಷ್ಟು ಸಲ ಕೆಳರೆಪ್ಪೆಯ ಒಳಗಿನಿಂದಲೇ ಹೋಗ್ತಾರೆ, ಹೊರಗೆ ಕಾಣಲ್ಲ. ಇಳಿದಿರೋದನ್ನ ಮೇಲೆತ್ತಿ ಟೈಟಾನಿಯಂ ಜಾಲರಿ ಅಥವಾ ರಂಧ್ರಗಳಿರುವ ಪಾಲಿಎಥಿಲೀನ್ ಹಾಳೆ ಇಡ್ತಾರೆ. ಜೋಡಿ ದೃಷ್ಟಿ ಮಾರನೇ ದಿನವೇ ಹೋಗಲ್ಲ, ವಾರಗಳು ಹಿಡಿಯುತ್ತೆ. ಹತ್ತನೇ ದಿನ ಹೋಗುವಾಗ ಬರೀ ರಿಪೋರ್ಟ್ ಒಯ್ಯಬೇಡಿ. ಸ್ಕ್ಯಾನಿನ ಸಿ.ಡಿ. ಇರಲಿ, ಅದರಲ್ಲಿ ಮುಖವನ್ನ ಎದುರಿನಿಂದ ಸೀಳಿದಂತೆ ತೋರಿಸುವ 1 ಮಿ.ಮೀ. ಕೊರೋನಲ್ ಕಟ್‌ಗಳಿವೆಯಾ ಅಂತ ಸೆಂಟರಿನಲ್ಲೇ ವಿಚಾರಿಸಿಕೊಳ್ಳಿ.