ಸಣ್ಣ ಸ್ಟುಡಿಯೋಗೆ ಒಂದೇ ಎಲೆಕ್ಟ್ರಿಕ್ ಗಿಟಾರ್, 40 ಸಾವಿರದೊಳಗೆ: ಯಾವುದು ತಗೊಳ್ಳಲಿ?

ತೀರ್ಥಹಳ್ಳಿ_ಸ್ಟುಡಿಯೋ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ನಮ್ಮ ಮನೆ ಮಹಡಿ ಮೇಲೆ ಒಂದು ಪುಟ್ಟ ರೆಕಾರ್ಡಿಂಗ್ ರೂಮ್ ಮಾಡಿಕೊಂಡಿದ್ದೇನೆ. ಬರುವ ಕೆಲಸ ಎಲ್ಲಾ ತರದ್ದು. ಭಾವಗೀತೆ, ಭಕ್ತಿಗೀತೆ, ಶಾರ್ಟ್ ಫಿಲ್ಮ್‌ಗೆ ಹಿನ್ನೆಲೆ ಸಂಗೀತ, ಆಗಾಗ ಕಾಲೇಜು ಹುಡುಗರ ರಾಕ್ ಬ್ಯಾಂಡ್. ಇಷ್ಟು ದಿನ ಬಂದವರು ಅವರವರ ಗಿಟಾರ್ ತರುತ್ತಿದ್ದರು. ಈಗ ಸ್ಟುಡಿಯೋದಲ್ಲೇ ಒಂದು ಇರಲಿ ಅಂತ ಆಸೆ. ಬಜೆಟ್ 40 ಸಾವಿರ. ಆಂಪ್ ಇಲ್ಲ. ಇಂಟರ್‌ಫೇಸ್‌ಗೆ (ಗಿಟಾರ್ ಸದ್ದನ್ನು ಲ್ಯಾಪ್‌ಟಾಪ್‌ಗೆ ಕಳಿಸುವ ಪೆಟ್ಟಿಗೆ) ನೇರವಾಗಿ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಆಂಪ್ ಸಿಮ್ಯುಲೇಟರ್ ಬಳಸುತ್ತೇನೆ.

ಸ್ಟ್ರ್ಯಾಟ್ ತಗೋ ಅಂತ ಒಬ್ಬರು, ಲೆಸ್ ಪಾಲ್ ತಗೋ ಅಂತ ಇನ್ನೊಬ್ಬರು. ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಚೆನ್ನಾಗೇ ಕೇಳಿಸುತ್ತದೆ. ಇನ್ನೊಂದು ವಿಷಯ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ನಂಬೋಕಾಗಲ್ಲ, ಅರ್ಧ ಕೆಲಸ ಇನ್ವರ್ಟರ್ ಮೇಲೆ. ಗೆಳೆಯನೊಬ್ಬನ ಸ್ಟ್ರ್ಯಾಟ್ ತಂದು ರೆಕಾರ್ಡ್ ಮಾಡಿದರೆ ಹಿಂದೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಇದು ಗಿಟಾರ್ ದೋಷವೋ, ಮನೆ ವೈರಿಂಗ್ ದೋಷವೋ?

ತಂತಿ_ಬೆಂಗಳೂರು

ಇನ್ವರ್ಟರ್ ವಿಷಯದಿಂದಲೇ ಶುರು ಮಾಡುತ್ತೇನೆ. ನೀವು ಕೊನೆಯಲ್ಲಿ ಹೇಳಿದ್ದೀರಿ, ಆದರೆ ನಿಮ್ಮ ಗಿಟಾರ್ ಯಾವುದು ಅಂತ ತೀರ್ಮಾನ ಆಗುವುದು ಅಲ್ಲೇ. ನಾನು ಗಿಟಾರ್ ಸೆಟಪ್ ಕೆಲಸ ಮಾಡುತ್ತೇನೆ, ಸ್ಟುಡಿಯೋಗಳಲ್ಲಿ ನುಡಿಸುತ್ತೇನೆ. ರೆಕಾರ್ಡಿಂಗ್ ಹಾಳಾಗುವುದು ಟೋನ್ ಚೆನ್ನಾಗಿಲ್ಲದೆ ಅಲ್ಲ. ಗದ್ದಲದಿಂದ ಮತ್ತು ಶ್ರುತಿ ನಿಲ್ಲದೆ ಇರುವುದರಿಂದ.

ನಿಮ್ಮ ಗೆಳೆಯರ ಗಿಟಾರ್‌ನಲ್ಲಿ ದೋಷ ಇಲ್ಲ. ಸ್ಟ್ರ್ಯಾಟ್‌ನಲ್ಲಿ ಇರುವುದು ಸಿಂಗಲ್ ಕಾಯಿಲ್ ಪಿಕಪ್, ಅಂದರೆ ಮ್ಯಾಗ್ನೆಟ್ ಸುತ್ತ ಸಾವಿರಾರು ಸುತ್ತು ಕೂದಲೆಳೆಯಂಥ ತಾಮ್ರದ ತಂತಿ. ಗಿಟಾರ್ ತಂತಿಯ ಅದುರುವಿಕೆಯನ್ನು ಹಿಡಿಯುವ ಹಾಗೆಯೇ ಸುತ್ತಲಿನ ಕರೆಂಟಿನ ಸದ್ದನ್ನೂ ಅದು ಹಿಡಿಯುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್. ಅದರ ಜೊತೆಗೆ 100, 150 ಅಂತ ಮೇಲಿನವೂ ಬರುತ್ತವೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಮೇಲಿನವು ಇನ್ನೂ ಜಾಸ್ತಿ, ಗುಂಯ್ ಹೋಗಿ ಝರ್ ಆಗುತ್ತದೆ.

ಈಗ ನೋಡಿ. ಆರನೇ ತಂತಿಯ ಮೂರನೇ ಫ್ರೆಟ್, ಜಿ ಸ್ವರ, 98 ಹರ್ಟ್ಸ್. ಹಮ್‌ನ, ಅಂದರೆ ಆ ಗುಂಯ್ ಸದ್ದಿನ, ಒಂದು ಭಾಗ 100 ಹರ್ಟ್ಸ್. ಹೆಣ್ಣುಮಕ್ಕಳು ಹೆಚ್ಚಾಗಿ ಹಾಡುವ ಐದು ಮನೆ ಶ್ರುತಿ ಅಂದರೆ ಇದೇ ಜಿ. ಅಂದರೆ ಷಡ್ಜದ ಪಕ್ಕದಲ್ಲೇ, ಸುಮಾರು 35 ಸೆಂಟ್ (ಅರ್ಧ ಸ್ವರದ ಮೂರನೇ ಒಂದು ಪಾಲು) ಮೇಲೆ, ಇನ್ನೊಂದು ಸದ್ದು ಹಾಡಿನುದ್ದಕ್ಕೂ ಕೂತಿರುತ್ತದೆ. ತಂಬೂರ ಟ್ರ್ಯಾಕ್ ಜೊತೆ ಹಾಕಿ ಕೇಳಿ, ಕಿವಿಗೆ ಚುಚ್ಚುತ್ತದೆ. ನಾಯ್ಸ್ ಗೇಟ್ (ಸದ್ದು ಸಣ್ಣದಾದ ತಕ್ಷಣ ಮುಚ್ಚಿಬಿಡುವ ಎಫೆಕ್ಟ್) ಹಾಕಿದರೆ ರಾಕ್‌ಗೆ ನಡೆಯುತ್ತದೆ. ಭಾವಗೀತೆಯಲ್ಲಿ ಸ್ವರ ನಿಧಾನವಾಗಿ ಕರಗಬೇಕಲ್ವಾ, ಅಲ್ಲಿ ಗೇಟ್ ಬಾಲವನ್ನೇ ಕತ್ತರಿಸಿಬಿಡುತ್ತದೆ.

ಹಂಬಕರ್ ಅನ್ನುವ ಪಿಕಪ್ ಹುಟ್ಟಿದ್ದೇ ಇದಕ್ಕೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1957ರಲ್ಲಿ ಲೆಸ್ ಪಾಲ್‌ಗೆ ಬಂತು. ಎರಡು ಕಾಯಿಲ್, ಒಂದಕ್ಕೊಂದು ಉಲ್ಟಾ ಸುತ್ತು, ಉಲ್ಟಾ ಮ್ಯಾಗ್ನೆಟ್. ತಂತಿಯ ಸದ್ದು ಕೂಡಿಕೊಳ್ಳುತ್ತದೆ, ಹಮ್ ಕಳೆದುಹೋಗುತ್ತದೆ. ಆದರೆ ಬರೀ ಹಂಬಕರ್ ಇದ್ದರೆ ಭಾವಗೀತೆಯ ಆರ್ಪೆಜಿಯೋಗೆ (ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ಮೀಟುವುದಕ್ಕೆ) ಬೇಕಾದ ಆ ತಿಳಿ ಸದ್ದು ಪೂರ್ತಿ ಸಿಗುವುದಿಲ್ಲ.

ಅದಕ್ಕೇ ನಿಮಗೆ ಎಚ್‌ಎಸ್‌ಎಸ್ ಗಿಟಾರ್ ಬೇಕು. ಬ್ರಿಡ್ಜ್ ಹತ್ತಿರ ಹಂಬಕರ್, ನಡುವೆ ಮತ್ತು ನೆಕ್ ಹತ್ತಿರ ಸಿಂಗಲ್ ಕಾಯಿಲ್. ನನ್ನ ಆಯ್ಕೆ ಯಮಹಾ ಪೆಸಿಫಿಕಾ 112ವಿ. ಆಲ್ಡರ್ ಮರದ ಬಾಡಿ, ಆಲ್ನಿಕೋ ಮ್ಯಾಗ್ನೆಟ್‌ನ ಪಿಕಪ್, ಟೋನ್ ನಾಬ್ ಮೇಲಕ್ಕೆ ಎಳೆದರೆ ಹಂಬಕರ್ ಅರ್ಧ ಆಗಿ ಸಿಂಗಲ್ ಕಾಯಿಲ್ ಆಗುತ್ತದೆ. ಹಾಗೆ ಎಳೆದಾಗ ಹಮ್ ವಾಪಸ್ ಬರುತ್ತದೆ, ಅದು ನೆನಪಿರಲಿ. 112ಜೆ ಅಂತ ಇನ್ನೊಂದು ಕಡಿಮೆ ಬೆಲೆಯದ್ದು ಇದೆ. ಹೆಸರು ನೋಡಿ ಅದನ್ನು ತಂದುಬಿಡಬೇಡಿ. ಬಜೆಟ್‌ನಲ್ಲಿ ಸ್ವಲ್ಪ ದುಡ್ಡು ಉಳಿಯುತ್ತದೆ. ಅದನ್ನು ಒಳ್ಳೆಯ ಸೆಟಪ್‌ಗೆ ಮತ್ತು ತಂತಿಗೆ ಇಡಿ.

ಅಂಗಡಿಗೆ ಹೋದಾಗ ಆಂಪ್‌ನ ರಿವರ್ಬ್ ಸೊನ್ನೆಗೆ ಇಳಿಸಿ, ಡಿಸ್ಟಾರ್ಷನ್ ತೆಗೆಸಿ. ಮೊದಲು ಬಿಟ್ಟ ತಂತಿಗಳನ್ನು ಸರಿಯಾಗಿ ಶ್ರುತಿ ಮಾಡಿ. ಆಮೇಲೆ ಸಿ ಕಾರ್ಡ್ ಹಿಡಿದು ಎರಡನೇ ತಂತಿಯ ಮೊದಲ ಫ್ರೆಟ್ ಅನ್ನು ಟ್ಯೂನರ್‌ನಲ್ಲಿ ನೋಡಿ. ಅದೊಂದೇ ಮೇಲಕ್ಕೆ ಹೋಗಿದ್ದರೆ ನಟ್‌ನಲ್ಲಿ (ಕುತ್ತಿಗೆಯ ತುದಿಯ ಪಟ್ಟಿ) ತಂತಿ ಕೂರುವ ಕಚ್ಚಿನ ಆಳ ಸಾಲದು ಅಂತ ಅರ್ಥ, ಅದನ್ನು ಅರದಿಂದ ಸರಿ ಮಾಡಬಹುದು. 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಮೀಟಿದ ಸ್ವರ) ಮತ್ತು ಒತ್ತಿದ ಸ್ವರ ಒಂದೇ ಬರಬೇಕು. ಇಲ್ಲದಿದ್ದರೆ ಬ್ರಿಡ್ಜ್ ಸ್ಯಾಡಲ್ (ತಂತಿ ಕೂರುವ ಸಣ್ಣ ತುಂಡು) ಹಿಂದೆ ಮುಂದೆ ಮಾಡಿದರೆ ಸಾಕು. ಆದರೆ ಒಂದು ಫ್ರೆಟ್ ಎದ್ದು ನಿಂತು ಪಕ್ಕದ ಸ್ವರ ಬಡಿಯುತ್ತಿದ್ದರೆ ಆ ಪೀಸ್ ಬೇಡ, ಇನ್ನೊಂದು ತೆಗೆಸಿ. ಒಂದೇ ಮಾಡೆಲ್‌ನಲ್ಲಿ ಪೀಸಿನಿಂದ ಪೀಸಿಗೆ ವ್ಯತ್ಯಾಸ ಇರುತ್ತದೆ.

ಕೊನೆಗೆ ಪಿಕಪ್ ಸ್ವಿಚ್ ಅನ್ನು ನಾಲ್ಕನೇ ಸ್ಥಾನಕ್ಕೆ ಹಾಕಿ, ಏನೂ ನುಡಿಸದೆ ಸುಮ್ನೆ ಹಮ್ ಕೇಳಿ. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಾದರೆ ಅಲ್ಲೂ ಹಮ್ ಇಳಿಯುತ್ತದೆ. ನೆಕ್ ಮತ್ತು ನಡುವಿನದು ಕೂಡಿದ ಆ ಸ್ಥಾನದಲ್ಲೇ ನಿಮ್ಮ ಭಾವಗೀತೆ ಕೆಲಸ ಮುಕ್ಕಾಲು ಪಾಲು ಆಗುತ್ತದೆ.

ಕುಂದಾಪ್ರ_ಟೆಲಿ

ಮೇಲಿನವರು ಹೇಳಿದ್ದು ಸರಿ, ಆದರೆ ನಾನು ಟೆಲಿಕಾಸ್ಟರ್ ಪರ. ಸ್ಟುಡಿಯೋದಲ್ಲಿ ಹತ್ತು ಜನ ಮುಟ್ಟುವ ಗಿಟಾರ್ ಗಟ್ಟಿ ಇರಬೇಕು ಮಾರಾಯ್ರೆ. ಎರಡು ಪಿಕಪ್, ಒಂದು ಸ್ವಿಚ್, ಅಲುಗಾಡದ ಬ್ರಿಡ್ಜ್. 1950ರ ಆಸುಪಾಸಿನಲ್ಲಿ ಬಂದ ವಿನ್ಯಾಸ, ಇವತ್ತಿಗೂ ಬದಲಾಯಿಸಬೇಕು ಅಂತ ಯಾರಿಗೂ ಅನಿಸಿಲ್ಲ. ಸ್ಕ್ವಯರ್ ಅಫಿನಿಟಿ ಟೆಲಿ ನಿಮ್ಮ ಬಜೆಟ್‌ಗೆ ಬರುತ್ತದೆ. ಎರಡೂ ಪಿಕಪ್ ಕೂಡಿಸಿ ನುಡಿಸಿದರೆ ಮಿಕ್ಸ್‌ನಲ್ಲಿ ಹಾಡಿನ ದಾರಿಗೆ ಅಡ್ಡ ಬರುವುದೇ ಇಲ್ಲ.

ಇನ್ನು ತೇವ. ನಮ್ಮಲ್ಲಿ ಮಳೆಗಾಲ ಶುರುವಾದರೆ ಸ್ಯಾಡಲ್‌ನ ಸಣ್ಣ ಸ್ಕ್ರೂಗಳು ತುಕ್ಕು ಹಿಡಿದು ತಿರುಗುವುದೇ ಇಲ್ಲ. ನಿಮ್ಮ ಕಡೆಯೂ ಹಾಗೇ ಇರಬೇಕು. ನುಡಿಸಿದ ಮೇಲೆ ತಂತಿ ಒರೆಸಿ, ಕೇಸಿನೊಳಗೆ ಸಿಲಿಕಾ ಜೆಲ್ ಹಾಕಿ. ಗೋಡೆಗೆ ನೇತುಹಾಕಿದರೆ ಚಂದ ಕಾಣುತ್ತದೆ, ಮಲೆನಾಡಿನ ಗೋಡೆಗೆ ಮಾತ್ರ ಬೇಡ. ಹಮ್‌ಗೆ ಒಳಗೆ ತಾಮ್ರದ ಟೇಪ್ ಅಂಟಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ತಂತಿ_ಬೆಂಗಳೂರು

ಟೆಲಿ ನನಗೂ ಇಷ್ಟ, ಆದರೆ ಅದೂ ಸಿಂಗಲ್ ಕಾಯಿಲ್, ಹಾಗಾಗಿ ಒಳ್ಳೆಯ ಕರೆಂಟ್ ಇರುವ ಜಾಗದಲ್ಲಿ. ತಾಮ್ರದ ಟೇಪ್ ಝರ್ ಅನ್ನುವ ಸದ್ದನ್ನು ಇಳಿಸುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಆ ತಗ್ಗು ಹಮ್ ಮ್ಯಾಗ್ನೆಟಿಕ್, ತೆಳು ತಾಮ್ರ ಅದನ್ನು ತಡೆಯುವುದಿಲ್ಲ. ಹಳೇ ಮನೆ, ಪಕ್ಕದಲ್ಲೇ ಇನ್ವರ್ಟರ್ ಅಂದರೆ ಹಂಬಕರ್ ಒಂದಾದರೂ ಇರಲೇಬೇಕು.

ಮೈಸೂರು_ಗಮಕ

ನಾನು ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುವವನು, ಒಂದು ಮಾತು ಸೇರಿಸುತ್ತೇನೆ. ಪೆಸಿಫಿಕಾಗೆ ಇರುವುದು ಟ್ರೆಮೊಲೊ ಬ್ರಿಡ್ಜ್, ಸ್ಪ್ರಿಂಗ್ ಮೇಲೆ ಅಲುಗಾಡುವಂಥದ್ದು. ಅದು ತೇಲುತ್ತಿದ್ದರೆ ಒಂದು ತಂತಿ ಎಳೆದಾಗ ಉಳಿದ ತಂತಿಗಳ ಶ್ರುತಿ ಇಳಿಯುತ್ತದೆ. ಕೆಳಗೆ ಷಡ್ಜ ಪಂಚಮ ಮೀಟಿಕೊಂಡು ಮೇಲೆ ಗಮಕ ಎಳೆದರೆ ಎಲ್ಲಾ ಕಲಸಿಹೋಗುತ್ತದೆ. ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿ, ಬ್ರಿಡ್ಜ್ ಬಾಡಿಗೆ ಒತ್ತಿ ಕೂರಲಿ. ಆಮೇಲೆ ತಂತಿ ಒಂದು ಕಡಿದರೂ ಉಳಿದವು ಶ್ರುತಿಯಲ್ಲೇ ಇರುತ್ತವೆ. ಫ್ಲಾಯ್ಡ್ ರೋಸ್ (ತಂತಿಗಳನ್ನು ಬಿಗಿದು ಲಾಕ್ ಮಾಡುವ ಟ್ರೆಮೊಲೊ ಬ್ರಿಡ್ಜ್) ಇರುವ ಗಿಟಾರ್ ಹತ್ತಿರ ಹೋಗಬೇಡಿ. ಒಂದು ಹಾಡಿಗೆ ಶ್ರುತಿ ಇಳಿಸಬೇಕು ಅಂದರೆ ಅರ್ಧ ಸೆಷನ್ ಅದಕ್ಕೇ ಹೋಗುತ್ತದೆ.

ತಂತಿ 9-42 (ತೆಳು ಸೆಟ್) ಹಾಕಿದರೆ ಎಳೆಯೋಕೆ ಹಗುರ. ಕಾಪೋ (ಶ್ರುತಿ ಏರಿಸಲು ಕುತ್ತಿಗೆಗೆ ಹಾಕುವ ಕ್ಲಿಪ್) ಹಾಕಿ ನುಡಿಸುವವರೇ ಜಾಸ್ತಿ ಬರುವುದಾದರೆ ಸ್ವಲ್ಪ ದಪ್ಪದ 10-46 ಉತ್ತಮ, ಒತ್ತಿದಾಗ ಶ್ರುತಿ ಅಷ್ಟು ಸುಲಭವಾಗಿ ಮೇಲಕ್ಕೆ ಹೋಗುವುದಿಲ್ಲ.

ತೀರ್ಥಹಳ್ಳಿ_ಸ್ಟುಡಿಯೋ

ಎಲ್ಲರಿಗೂ ತುಂಬಾ ಧನ್ಯವಾದ. ಶಿವಮೊಗ್ಗಕ್ಕೆ ಹೋಗಿ ಒಂದು 112ವಿ ನೋಡಿ ಬಂದೆ. ಸಿ ಕಾರ್ಡ್ ಪರೀಕ್ಷೆಯಲ್ಲಿ ಎರಡನೇ ತಂತಿ ಸ್ವಲ್ಪ ಮೇಲಿತ್ತು, ಸೆಟಪ್‌ನಲ್ಲಿ ಸರಿ ಮಾಡಿಕೊಡುತ್ತೇವೆ ಅಂದರು. ನಾಲ್ಕನೇ ಸ್ಥಾನದಲ್ಲಿ ಹಮ್ ನಿಜಕ್ಕೂ ಇಳಿಯಿತು! ಮುಂಗಡ ಕೊಟ್ಟಿದ್ದೇನೆ. ಇನ್ನೆರಡು ಪ್ರಶ್ನೆ. ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ ಅಂತ ಒಂದು ಬಟನ್ ಇದೆ, ಅದು ಒತ್ತಿರಬೇಕಾ? ಮತ್ತೆ ತಂತಿ ಮುಟ್ಟಿದರೆ ಸದ್ದು ಕಡಿಮೆ ಆಗುತ್ತದೆ, ಬಿಟ್ಟರೆ ಜಾಸ್ತಿ. ಅಪಾಯ ಇದೆಯಾ?

ತಂತಿ_ಬೆಂಗಳೂರು

ಒಳ್ಳೆಯ ಆಯ್ಕೆ, ಖುಷಿಯಾಯಿತು. ಮುಟ್ಟಿದಾಗ ಸದ್ದು ಇಳಿದರೆ ಹೆದರಬೇಡಿ. ತಂತಿಗಳು ಗ್ರೌಂಡ್‌ಗೆ ಸೇರಿವೆ, ನಿಮ್ಮ ಮೈ ಹಿಡಿಯುತ್ತಿದ್ದ ಸದ್ದು ಅಲ್ಲಿಗೆ ಹೋಗುತ್ತಿದೆ ಅಂತ ಅರ್ಥ. ಮುಟ್ಟಿದಾಗ ಕೈಗೆ ಜುಮ್ ಅಂದರೆ ಮಾತ್ರ ತಕ್ಷಣ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಅದರಲ್ಲಿ ಉಳಿತಾಯ ಬೇಡ.

ಇನ್‌ಸ್ಟ್ (ಇನ್‌ಸ್ಟ್ರುಮೆಂಟ್) ಬಟನ್ ಒತ್ತಲೇಬೇಕು. ಆಗ ಇನ್‌ಪುಟ್ ಇಂಪೀಡೆನ್ಸ್ ಸುಮಾರು 1 ಮೆಗಾಓಮ್ ಆಗುತ್ತದೆ. ಒತ್ತದಿದ್ದರೆ ಪಿಕಪ್ ಮೇಲೆ ಭಾರ ಬಿದ್ದು ಮೇಲಿನ ಸ್ವರಗಳ ಹೊಳಪು ಹೋಗುತ್ತದೆ, ಗಿಟಾರ್ ಮಂಕಾಗಿ ಕೇಳಿಸುತ್ತದೆ. 24 ಬಿಟ್ ಇಟ್ಟುಕೊಳ್ಳಿ, ಜೋರಾಗಿ ಮೀಟಿದಾಗ ಮೀಟರ್ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಇರಲಿ. ಆಂಪ್ ಸದ್ದು ಕೇಳಿಕೊಂಡು ನುಡಿಸಲಿ, ಆದರೆ ಫೈಲ್‌ನಲ್ಲಿ ಉಳಿಯಬೇಕಾದದ್ದು ಏನೂ ಹಾಕದ ಒಣ ಟ್ರ್ಯಾಕ್. ನಾಳೆ ಆಂಪ್ ಬದಲಾಯಿಸಬೇಕು ಅಂದರೆ ಗಿಟಾರಿಸ್ಟನ್ನು ಮತ್ತೆ ಕರೆಸಬೇಕಿಲ್ಲ. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಆಂಪ್ ಸಿಮ್ಯುಲೇಟರ್ ಉಚಿತ, ಮೊದಲು ಅದನ್ನು ನೋಡಿ.

ಟೇಕ್ ತಗೊಳ್ಳುವಾಗ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ. ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವುದಾದರೆ ಆ ಐದು ನಿಮಿಷ ರೂಮಿನ ಇನ್ವರ್ಟರ್ ಲೈನ್ ಪೂರ್ತಿ ಆಫ್ ಮಾಡಬಹುದು, ಫ್ಯಾನ್ ಸಮೇತ. ಗಿಟಾರಿಸ್ಟ್ ಕೂರುವ ಕುರ್ಚಿಯನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಹಮ್ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಅಲ್ಲಿ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಬಿಡಿ.