ಶಾರ್ಕೂಟರಿ ಬೋರ್ಡ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಶಾರ್ಕೂಟರಿ ಬೋರ್ಡ್‌ಗೆ ಕನ್ನಡದಲ್ಲಿ ಒಂದು ಹೆಸರು ಬೇಕಾಗಿದೆ. ನೆಂಟರು ಬಂದಾಗ ನಮ್ಮ ಸೊಸೆ ಇದನ್ನು ಜೋಡಿಸಿಡುತ್ತಾಳೆ, ಪಕ್ಕದಲ್ಲಿಡುವ ಚೀಟಿ ಬರೆಯೋದು ನನ್ನ ಪಾಲಿಗೆ ಬಂದಿದೆ. ‘ಮಾಂಸದ ಹಲಗೆ’ ಅಂತ ಒಬ್ಬರು ಹೇಳಿದರು. ಅದನ್ನು ಓದಿದರೆ ಅಂಗಡಿಯಲ್ಲಿ ಮಾಂಸ ಕೊಚ್ಚುವ ಕೊರಡು ಕಣ್ಣಿಗೆ ಬರುತ್ತದೆ. ಹಸಿವೇ ಹೋಗುತ್ತೆ.

ಕಂಡಿಲ್ಲದವರಿಗಾಗಿ: ಒಂದು ಮರದ ಹಲಗೆ. ಅದರ ಮೇಲೆ ಎತ್ತಿ ಹಿಡಿದರೆ ಬೆಳಕು ಕಾಣುವಷ್ಟು ತೆಳ್ಳಗೆ ಕೊಯ್ದ ಪ್ರೊಶೂಟೊ (ಉಪ್ಪಿನಲ್ಲಿಟ್ಟು ಒಣಗಿಸಿದ ಹಂದಿ ತೊಡೆ), ಬಿಲ್ಲೆ ಬಿಲ್ಲೆ ಸಲಾಮಿ (ಕೊಚ್ಚಿದ ಮಾಂಸ ತುಂಬಿ ಒಣಗಿಸಿದ ಸಾಸೇಜು), ಎರಡು ಮೂರು ಬಗೆಯ ಚೀಸ್, ವಿನಿಗರ್‌ನಲ್ಲಿ ನೆನೆಸಿದ ಪುಟ್ಟ ಸೌತೆ, ಆಲಿವ್, ಅರೆದ ಸಾಸಿವೆ, ಬಾದಾಮಿ, ದ್ರಾಕ್ಷಿ, ಕ್ರ್ಯಾಕರ್ ಬಿಸ್ಕತ್ತು. ಆಮೇಲೆ ಊಟ ಇದ್ದರೆ ತಲೆಗೆ 50 ಗ್ರಾಂ ಮಾಂಸ ಸಾಕು. ಚೀಸನ್ನು ಸ್ವಲ್ಪ ಮುಂಚೆಯೇ ಫ್ರಿಜ್ಜಿನಿಂದ ತೆಗೆದಿಡಬೇಕು, ತಣ್ಣಗಿದ್ದರೆ ರುಚಿ ಬಿಡಲ್ಲ. ಪುಸ್ತಕದಲ್ಲಿ ಒಂದು ಗಂಟೆ ಅಂತಿರುತ್ತದೆ. ಕೋಲಾರದ ಏಪ್ರಿಲ್‌ನಲ್ಲಿ ಅರ್ಧ ಗಂಟೆಯೇ ಜಾಸ್ತಿ.

ಹೆಸರು ಫ್ರೆಂಚಿನದು. ಅಲ್ಲಿ ‘ಶೇರ್’ ಅಂದರೆ ಮಾಂಸ, ‘ಕ್ಯುಯಿ’ ಅಂದರೆ ಬೆಂದದ್ದು. 15ನೇ ಶತಮಾನದ ಪ್ಯಾರಿಸ್‌ನಲ್ಲಿ ಈ ಕಸುಬಿನವರಿಗೆ ಬೇರೆಯೇ ಸಂಘವಿತ್ತು. ಹೆಚ್ಚಾಗಿ ಹಂದಿ ಮಾಂಸದ ಪದಾರ್ಥ ಮಾರುತ್ತಿದ್ದರು. ಚೀಸನ್ನೂ ಹಣ್ಣನ್ನೂ ಜೊತೆಗೆ ಹರಡಿ ಒಟ್ಟಿಗೆ ಆ ಹೆಸರಿಡೋದು ಈಚಿನ ರೂಢಿ. ಈಗಂತೂ ಒಂದು ಚೂರೂ ಮಾಂಸವಿಲ್ಲದ ತಟ್ಟೆಗೂ ಅದೇ ಹೆಸರು!

ನಮ್ಮ ಕಡೆ ಹತ್ತಿರದ ಪದ ಅಂದರೆ ಉಪ್ಪುಖಂಡ, ಬಾಯಲ್ಲಿ ಉಪ್ಕಂಡ. ಮಾಂಸವನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು ಅರಿಶಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಾರೆ. ಒಣಗುತ್ತಾ ತುಂಡು ಕುಗ್ಗಿ, ಅಂಚು ಕಪ್ಪಾಗಿ, ಒಣಮೆಣಸಿನಕಾಯಿಯ ಹಾಗೆ ತಿರುಚಿಕೊಳ್ಳುತ್ತದೆ. ಉಪ್ಪು ನೀರು ಎಳೆದುಬಿಡುತ್ತದೆ, ನೀರಿಲ್ಲದ್ದು ಬೇಗ ಕೆಡಲ್ಲ. ಪ್ರೊಶೂಟೊದ ಗುಟ್ಟೂ ಅಷ್ಟೇ. ಆದರೆ ಉಪ್ಪುಖಂಡವನ್ನು ನಾವು ಸುಟ್ಟೋ ಹುರಿದೋ ಸಾರು ಮಾಡಿಯೋ ತಿನ್ನುತ್ತೇವೆ. ಪ್ರೊಶೂಟೊವನ್ನು ಬೇಯಿಸದೆ ಹಾಗೇ ತಿನ್ನುತ್ತಾರೆ. ಚೀಟಿಯಲ್ಲಿ ‘ಉಪ್ಪುಖಂಡ’ ಅಂತ ಬರೆದರೆ ನಮ್ಮ ಅತ್ತಿಗೆ ಅದನ್ನು ನೇರ ಬಾಣಲೆಗೆ ಹಾಕುತ್ತಾರೆ, ಅನುಮಾನವೇ ಬೇಡ.

ಹಾಗಾಗಿ ನನ್ನ ಒಲವು ಬೇರೆ ಕಡೆಗಿದೆ. ಮುದ್ದೆಗೆ ಈರುಳ್ಳಿ ನೆಂಚಿಕೊಳ್ಳುತ್ತೇವೆ, ಮೊಸರನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತೇವೆ. ಗುಂಡು ಹಾಕುವವರೂ ‘ನೆಂಚಿಕೊಳ್ಳೋಕೆ ಏನಿದೆ’ ಅಂತಲೇ ಕೇಳೋದು. ಹಲಗೆ ಮೇಲಿರೋದೂ ಅದೇ ತಾನೆ? ಬೀಸುಕಲ್ಲು, ಒರೆಗಲ್ಲು ಇದ್ದ ಹಾಗೆ ‘ನೆಂಚುಮಣೆ’ ಅಂದರೆ ಹೇಗೆ? ಮಾಂಸ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಕೂರುವ ಮಣೆಯ ಮೇಲೆ ತಿಂಡಿ ಇಡೋದಾ ಅಂತ ಮನೆಯಲ್ಲಿ ಆಗಲೇ ಆಕ್ಷೇಪ ಬಂದಿದೆ. ಚಪಾತಿ ಮಣೆ ಇಲ್ವಾ, ಈಳಿಗೆಮಣೆ ಇಲ್ವಾ? ‘ಹರಿವಾಣ’ ಅಂದರೆ ಕಂಚು ಹಿತ್ತಾಳೆ ಕಣ್ಣಿಗೆ ಬರುತ್ತದೆ, ಅದು ಬೇಡ. ನೆಂಚು, ನಂಚು, ನಂಜು ಅಂತ ಮೂರು ರೂಪ ಕೇಳಿದ್ದೇನೆ. ಮೂರನೆಯದು ವಿಷ ಅಂತಲೂ ಆಗುತ್ತದೆ, ನೆಂಟರ ಮುಂದೆ ಅದೊಂದು ಬೇಡ. ನಿಮ್ಮೂರಲ್ಲಿ ಯಾವುದು?

ಇನ್ನೊಂದು. ಮಾಂಸವನ್ನು ಉಪ್ಪಿನಲ್ಲಿಟ್ಟು ಹದ ಮಾಡುವ ಕೆಲಸಕ್ಕೆ ಒಂದೇ ಕ್ರಿಯಾಪದ ಇದೆಯಾ? ‘ಉಪ್ಪು ಹಿಡಿಸು’ ಅಂತ ಸದ್ಯಕ್ಕೆ ಬರೆದಿದ್ದೇನೆ. ‘ಸಂಸ್ಕರಿಸು’ ಅಂದರೆ ಕಾರ್ಖಾನೆಯ ವಾಸನೆ. ಹಾಗೇ ಹೂವು ಬಾಡೋದಕ್ಕೂ ಬಾಡೂಟದ ಬಾಡಿಗೂ ನಂಟಿದೆಯಾ? ಮೊದಲು ಒಣಗಿದ ಮಾಂಸಕ್ಕೆ ಮಾತ್ರ ಬಾಡು ಅಂತಿದ್ದರಾ ಅನ್ನೋದು ನನ್ನ ಗುಮಾನಿ.

ಕೆಜಿಎಫ್ ಕಡೆಯವರು ಯಾರಾದರೂ ಇದ್ದರೆ ಇದನ್ನೂ ಹೇಳಿ. ಗಣಿ ಕಾಲದ ಆಂಗ್ಲೋ ಇಂಡಿಯನ್ನರು ಕ್ರಿಸ್‌ಮಸ್‌ಗೆ ‘ಸಾಲ್ಟ್ ಬೀಫ್’ ಮಾಡುತ್ತಿದ್ದರಲ್ಲ. ದಪ್ಪ ತುಂಡನ್ನು ಫೋರ್ಕಿನಲ್ಲಿ ಚುಚ್ಚಿ, ಉಪ್ಪು, ನಿಂಬೆರಸ, ಪೆಟ್ಲುಪ್ಪು (ಸಾಲ್ಟ್‌ಪೀಟರ್) ಉಜ್ಜಿ, ದಿನಾ ತಿರುವಿಹಾಕಿ, ಕೊನೆಗೆ ಬೇಯಿಸಿ, ಆರಿದ ಮೇಲೆ ತೆಳ್ಳಗೆ ಕೊಯ್ಯೋದು. ಪೆಟ್ಲುಪ್ಪಿನಿಂದ ಬೆಂದ ಮೇಲೂ ಕೆಂಪು ಬಣ್ಣ ಹೋಗಲ್ಲ. ಫ್ರೆಂಚಿನ ‘ಬೆಂದ ಮಾಂಸ’ಕ್ಕೆ ಪ್ರೊಶೂಟೊಗಿಂತ ಇದೇ ಹತ್ತಿರ. ಆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ನಮ್ಮವರು ಇದಕ್ಕೆ ಏನನ್ನುತ್ತಿದ್ದರು? ತಮಿಳಿನದೋ ತೆಲುಗಿನದೋ ಆದರೂ ಪರವಾಗಿಲ್ಲ, ಬರೆಯಿರಿ.